ಕಡ್ಡಿಪೆಟ್ಟಿಗೆಯಷ್ಟು ಚಿತ್ರ, ನಾಲ್ಕು ಸಾಲಿನ ಪದ್ಯ

ಬೈಲಹೊಂಗಲದ ನಮ್ಮ ಓಣಿಯ ಮಕ್ಕಳು ನನ್ನನ್ನು ‘ಬೆಕ್ಕಿನ ಅಜ್ಜ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಆದರೆ ಓಣಿಯ ಬೆಕ್ಕು, ನಾಯಿ, ಆಡು, ಎಮ್ಮೆ ಎಲ್ಲವೂ ನನ್ನ ಮೇಜಿನ ಖಾನೆಯಲ್ಲಿವೆ. ಒಂದೊಂದೂ ಕಡ್ಡಿಪೆಟ್ಟಿಗೆಯಷ್ಟೇ ದೊಡ್ಡವು! ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿಕೊಂಡು, ಪೆನ್ಸಿಲ್ಲಿನಿಂದ ಗೆರೆ ಎಳೆದು, ಸಣ್ಣ ಕುಂಚದಿಂದ ಬಣ್ಣ ತುಂಬುತ್ತೇನೆ. ಕೆಳಗೆ ನಾಲ್ಕು ಸಾಲಿನ ಪದ್ಯ ಬರೆಯುತ್ತೇನೆ. ವಯಸ್ಸು ಎಪ್ಪತ್ತು ದಾಟಿದೆ. ಕಲಿತದ್ದು ಬಿ.ಕಾಂ., ಮಾಡಿದ್ದು ಬ್ಯಾಂಕಿನ ಕಾರಕೂನಿಕೆ. ಚಿತ್ರ ಬರೆಯಲು ಯಾರೂ ಕಲಿಸಿದವರಿಲ್ಲ.

ಆದರೆ ಬ್ಯಾಂಕಿನ ಕೆಲಸ ಒಂದು ವಿದ್ಯೆ ಕಲಿಸಿತು. ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ವರ್ಗವಾಗಿ ಹೋದಲ್ಲೆಲ್ಲ ನಾನು ಸಹಿ ತಾಳೆ ನೋಡಬೇಕಾಗುತ್ತಿತ್ತು. ಒಂದೇ ಹೆಸರಿನವರು ಹತ್ತು ಜನರಿದ್ದರೂ ಒಬ್ಬರ ‘ಬ’ ಇನ್ನೊಬ್ಬರ ‘ಬ’ದಂತೆ ಇರುವುದಿಲ್ಲ. ಒಬ್ಬರದು ಹೊಟ್ಟೆ ಉಬ್ಬಿದ್ದು, ಒಬ್ಬರದು ಬೆನ್ನು ಬಾಗಿದ್ದು. ಪ್ರಾಣಿಗಳಿಗೂ ಹಾಗೆಯೇ ಒಂದೊಂದು ಸಹಿ ಇದೆ ಮಕ್ಕಳೇ. ‘ಒಂದು ಬೆಕ್ಕು’ ಬರೆಯುವುದು ಸುಲಭ. ‘ಈ ಬೆಕ್ಕು’ ಬರೆಯಬೇಕಾದರೆ ಅದರ ಸಹಿಯನ್ನು ಹುಡುಕಬೇಕು. ಮೈಯ ಸಹಿ ಚಿತ್ರಕ್ಕೆ, ನಡತೆಯ ಸಹಿ ಪದ್ಯಕ್ಕೆ. ಎದುರುಮನೆಯ ಚಿನ್ನಿಯ ಕೆಳಗೆ ಹೀಗೆ ಬರೆದಿದ್ದೇನೆ:

ಹಾಲಿನ ಬೋಗುಣಿ ಆಯಿತು ಖಾಲಿ,
ಮೀಸೆಯ ತುದಿಯಲಿ ಕೆನೆ ಜೋಕಾಲಿ!
ಕೇಳಿದರೆಂದಳು: “ನಾನೇನಲ್ಲ!
ಗೋಡೆಯ ಹಲ್ಲಿಗೆ ಗೊತ್ತಿದೆ ಎಲ್ಲ!”

“ಅಜ್ಜಾ, ಹಲ್ಲಿ ಸಾಕ್ಷಿ ಹೇಳತೈತೇನ?” ಎಂದು ಚಿನ್ನಿಯ ಮನೆಯ ಹುಡುಗಿ ಕೇಳಿದಳು.

“ಹಲ್ಲಿ ಲೊಚ್ ಅಂದ್ರ ಮಾತು ಖರೇ ಅಂತ ನಿಮ್ಮ ಅಜ್ಜಿ ಹೇಳಿಲ್ಲೇನವಾ?” ಎಂದೆ.

ಇದೇನೂ ಹೊಸ ಆಟವಲ್ಲ. ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದಲ್ಲ, ಅಂದು ನಮ್ಮ ಕಡೆ ಮನೆಮನೆಯಲ್ಲೂ ಅಂಗೈಯಷ್ಟು ಎತ್ತುಗಳು ಹುಟ್ಟುತ್ತವೆ. ನಾವು ಹುಡುಗರಾಗಿದ್ದಾಗ ಎರೆಮಣ್ಣು ತಂದು ನಾದಿ, ಎತ್ತು, ಗ್ವಾದಲಿ ಮಾಡುತ್ತಿದ್ದೆವು. ಗುಲಗಂಜಿ ಸಿಕ್ಕರೆ ಅದೇ ಕಣ್ಣು. ಮರುದಿನ ಒಂದು ಎತ್ತಿನ ಕಾಲು ಮುರಿದು ಕುಂಟೆತ್ತು ಮಾಡಿ, ಮಣೆಯ ಮೇಲೆ ಇಟ್ಟುಕೊಂಡು, ಹಾಡು ಹೇಳುತ್ತ ಮನೆಮನೆಗೆ ಜೋಳ ಕೇಳಲು ಹೋಗುತ್ತಿದ್ದೆವು. ಎಲ್ಲ ಎತ್ತುಗಳೂ ಒಂದೇ ತರಹ ಇದ್ದರೂ ಕುಂಟೆತ್ತು ಮಾತ್ರ ಎಲ್ಲರಿಗೂ ಗುರುತು. ಕುಂಟುವುದೇ ಅದರ ಸಹಿ!

ದೂರದ ಇಂಗ್ಲೆಂಡಿನಲ್ಲೂ ಇಂಥ ಒಬ್ಬರು ಇದ್ದರು. ಎಡ್ವರ್ಡ್ ಲಿಯರ್ ಎಂದು ಹೆಸರು, 1812ರಲ್ಲಿ ಹುಟ್ಟಿದವರು. ಜೀವಂತ ಗಿಳಿಗಳನ್ನು ನೋಡಿ ಅವರು ಬರೆದ ಚಿತ್ರಗಳು 1832ರಲ್ಲಿ ಪುಸ್ತಕವಾದವು. ಮಕ್ಕಳಿಗಾಗಿ ಬರೆದ ನಗೆಪದ್ಯಗಳು, ಅವುಗಳ ಚಿತ್ರಗಳ ಸಮೇತ, 1846ರಲ್ಲಿ ಬಂದವು. ಅವರ ಬೆಕ್ಕಿನ ಹೆಸರು ಫಾಸ್. ಅದಕ್ಕೆ ಮೊಂಡು ಬಾಲ. ಆ ಮೊಂಡು ಬಾಲವನ್ನು ಅವರು ಮುಚ್ಚಿಡಲಿಲ್ಲ. ಮತ್ತೆ ಮತ್ತೆ ಬರೆದರು.

ನಾಲ್ಕು ಸಾಲಿನ ಅಳತೆಗೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಮ್ಮ ದಿನಕರ ದೇಸಾಯಿಯವರು ತಮ್ಮ ಚೌಪದಿಗಳಿಂದ ಕನ್ನಡಿಗರನ್ನು ನಗಿಸಿದ್ದಾರೆ, ಚುಚ್ಚಿದ್ದಾರೆ. ನಾಲ್ಕನೆಯ ಸಾಲಿಗೆ ಬಂದಾಗ ಓದುವವರು ನಗಬೇಕು. ಅಷ್ಟೇ ಗುಟ್ಟು.

ಇನ್ನು ನಾಯಿ. ರಾಮದುರ್ಗದಿಂದ ಬಹಳ ದೂರವಿಲ್ಲದ ಮುಧೋಳದ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೇ ಬಂದಿದೆ. ಆ ತಳಿಯ ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ ಯಾರಿಗಾದರೂ ಗುರುತು ಸಿಗುತ್ತವೆ. ಅದು ತಳಿಯ ಸಹಿ. ಆದರೆ ಬೀದಿಯ ನಾಯಿಗೂ ತನ್ನದೇ ಸಹಿ ಉಂಟು. ಆರನೆಯ ತರಗತಿಯ ಹುಡುಗನೊಬ್ಬ ನಮ್ಮ ಓಣಿಯ ರಾಜಾನನ್ನು ಒಂದು ವಾರ ನೋಡಿ ಬರೆದದ್ದು ಇದು:

ಬಸ್ಸಿನ ಹಿಂದೆಯೆ ದಿನವೂ ಓಟ,
ಹಿಡಿದೇಬಿಡುವನು ಎನ್ನುವ ನೋಟ!
ಬಸ್ಸೇ ನಿಂತರೆ ಅವನೂ ನಿಲ್ಲುವ,
“ಟಿಕೆಟಿಗೆ ರೊಕ್ಕವೆ ಇಲ್ಲೋ!” ಎನ್ನುವ!

ಮೊದಲು ಇದೇ ಹುಡುಗ ರಾಜಾನಿಗೆ ಕಲ್ಲು ಬೀರುತ್ತಿದ್ದ. ಪದ್ಯ ಬರೆದ ಮೇಲೆ ಬೀರಿದ್ದು ನಾನು ಕಂಡಿಲ್ಲ.

ಕಳೆದ ಬೇಸಿಗೆಯಲ್ಲಿ ಸವದತ್ತಿ ಕಡೆಯ ರೈತರೊಬ್ಬರು ಹುಡುಕಿಕೊಂಡು ಬಂದರು. ಬ್ಯಾಂಕಿನ ದಿನಗಳಿಂದಲೂ ಪರಿಚಯ. “ಸಾಹೇಬ್ರ, ನಮ್ಮ ಎತ್ತು ಮಾರಾಕತ್ತೀವ್ರಿ. ಟ್ರ್ಯಾಕ್ಟರ್ ಐತಿ, ಇನ್ನ ಯಾಕ ಬೇಕು ಅಂತಾನ ಮಗ. ಫೋನಿನಾಗ ಫೋಟೋ ಐತ್ರಿ, ಆದ್ರ ಅದು ಎಲ್ಲಾರ ಎತ್ತಿನಂಗ ಕಾಣತೈತಿ. ನಮ್ಮ ಎತ್ತಿನಂಗ ಒಂದು ಬರದು ಕೊಡ್ರಿ” ಎಂದರು.

ಅವರ ಊರಿಗೆ ಹೋಗಿ ಗ್ವಾದಲಿಯ ಪಕ್ಕದಲ್ಲಿ ಅರ್ಧ ದಿನ ಕುಳಿತೆ. ಕಿಲಾರಿ ಎತ್ತು. ಕಿಲಾರಿಯ ಕೋಡು ಹಿಂದಕ್ಕೆ ಬಾಗಿ ಮೇಲಕ್ಕೆ ಏಳಬೇಕು. ಇದರ ಬಲಗೋಡು ಹಾಗೆಯೇ ಎದ್ದಿತ್ತು, ಎಡಗೋಡು ಮಾತ್ರ ಕಿವಿಯ ಕಡೆ ಬಾಗಿತ್ತು. ಸಹಿ ಸಿಕ್ಕಿತು.

ಮುಗಿಲನು ತೋರುವ ಕೋಡದು ಒಂದು,
ಕಿವಿಗೇ ಬಾಗಿದ ಕೋಡಿನ್ನೊಂದು!
“ಮಳೆ ಬಂತೇನೋ?” ಕೇಳುವುದೊಂದು,
“ಬಿತ್ತಲು ನಡೆಯೋ!” ಹೇಳುವುದೊಂದು!

ಅವರಿಗೆ ಓದಲು ಬರುವುದಿಲ್ಲ. ಮೊಮ್ಮಗ ಗಟ್ಟಿಯಾಗಿ ಓದಿದ. ಅಜ್ಜ ನಕ್ಕರು. “ಇನ್ನೊಮ್ಮೆ ಓದಪಾ” ಎಂದರು. ಎರಡನೆಯ ಸಲ ಓದಿದಾಗ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಚಿತ್ರವನ್ನು ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಸೇರಿಸಿದರು. ಆ ವಾರವೇ ಎತ್ತು ಹೋಯಿತು. ಮುಂದೆ ಮಣ್ಣೆತ್ತಿನ ಅಮಾವಾಸ್ಯೆಗೆ ಮೊಮ್ಮಗ ಮಾಡಿದ ಎತ್ತಿನ ಎಡಗೋಡು ಕಿವಿಯ ಕಡೆ ಬಾಗಿತ್ತಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಮಕ್ಕಳೇ, ನೀವೂ ಮಾಡಿ ನೋಡಿ. ಮೊದಲ ದಿನ ಪೆನ್ಸಿಲ್ ಮುಟ್ಟಬೇಡಿ, ಸುಮ್ಮನೆ ನೋಡಿ. ಎರಡನೆಯ ದಿನ ಕಣ್ಣಿನಿಂದ ಶುರು ಮಾಡಿ. ಕಣ್ಣಿನ ಕಪ್ಪಿನಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಬಿಡಿ, ಜೀವ ಬರುತ್ತದೆ. ಪದ್ಯವನ್ನು ಕೈತಟ್ಟಿ ಹೇಳಿನೋಡಿ: ಚಿನ್ನಿಯ ಪದ್ಯದಲ್ಲಿ ನಾಲ್ಕು ನಾಲ್ಕು ಮಾತ್ರೆಯ ಮೂರು ಗುಂಪು, ಕೊನೆಗೆ ಮೂರು ಮಾತ್ರೆ. ತಪ್ಪಿದರೆ ಕೈಯೇ ಹೇಳುತ್ತದೆ. ಅಜ್ಜ-ಅಜ್ಜಿಯರೇ, ನಿಮ್ಮ ಮನೆಯಲ್ಲಿ ಹಿಂದೆ ಇದ್ದ ಆಕಳು, ಎಮ್ಮೆಗಳ ಸಹಿ ನಿಮಗೆ ನೆನಪಿರುತ್ತದೆ. ಮೊಮ್ಮಕ್ಕಳಿಗೆ ಹೇಳಿ. ನೀವು ಹೇಳಿದರೆ ಅವರು ಬರೆದಾರು.