ಡಾಕ್ಟರ ಹೆಸರಿನ ಪಕ್ಕದ ಆ ಅಂಕಿಗಳು

ಕಳೆದ ತಿಂಗಳು ಓದುಗರೊಬ್ಬರು ನಮಗೆ ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಅವರ ತಂಗಿಯ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಇರಬಹುದು ಎಂದು ಡಾಕ್ಟರು ಅನುಮಾನಪಟ್ಟಿದ್ದಾರೆ. ಮನೆಯವರು ಮೊಬೈಲಿನಲ್ಲಿ ಹುಡುಕಿದಾಗ ಆ ಕಾಯಿಲೆಯ ಮೇಲೆ ಕೆಲಸ ಮಾಡಿದ ವಿದೇಶಿ ಸಂಶೋಧಕರೊಬ್ಬರ ಪುಟ ಸಿಕ್ಕಿದೆ. ಇಷ್ಟು ಲೇಖನ, ಇಷ್ಟು ಸಾವಿರ ಸೈಟೇಷನ್, ಎಚ್-ಇಂಡೆಕ್ಸ್ ಇಷ್ಟು ಅಂತ ಅಂಕಿಗಳ ಸಾಲು. "ಇದೇನು ಮಾರ್ಕ್ಸಾ? ಇವರು ಎಷ್ಟು ದೊಡ್ಡವರು ಅಂತ ಹೇಗೆ ತಿಳ್ಕೊಳ್ಳೋದು?" ಎಂದು ಕೇಳಿದ್ದರು.

ನಾವು ಓದಿದ್ದು ಪತ್ರಿಕೋದ್ಯಮ, ವೈದ್ಯಕೀಯವಲ್ಲ. ಆದರೆ ಅಂಕಿಯ ಆಸೆ ನಮಗೂ ಗೊತ್ತು. ಈ ಬರಹವನ್ನು ಎಷ್ಟು ಜನ ತೆರೆದರು ಎಂದು ನಾಳೆ ಬೆಳಗ್ಗೆ ನಾವೂ ನೋಡುವವರೇ. ಹಾಗಾಗಿ ಇದನ್ನು ಸ್ವಲ್ಪ ಕೆದಕಿ ನೋಡಿದೆವು.

ಸೈಟೇಷನ್ ಅಂದರೆ ಮದುವೆ ಮನೆಯ ಮುಯ್ಯಿ ಪುಸ್ತಕದಂತೆ. ನೂರು ಮನೆಗೆ ಮುಯ್ಯಿ ಮಾಡಿದವರ ಹೆಸರು ನೂರು ಮನೆಯ ಪುಸ್ತಕದಲ್ಲಿ ಇರುತ್ತದಲ್ಲ, ಹಾಗೆಯೇ ಒಬ್ಬರ ಕೆಲಸ ಬಳಸಿಕೊಂಡ ಸಂಶೋಧಕರು ತಮ್ಮ ಲೇಖನದ ಕೊನೆಯಲ್ಲಿ ಅವರ ಹೆಸರು ಬರೆಯುತ್ತಾರೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು 1964ರಲ್ಲಿ ಇದನ್ನೆಲ್ಲ ಒಟ್ಟುಹಾಕಿ ಸೂಚಿ ಮಾಡಿ ಪ್ರಕಟಿಸಿದರು. ಎಚ್-ಇಂಡೆಕ್ಸ್ ಬಂದಿದ್ದು 2005ರಲ್ಲಿ, ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿಯಿಂದ. ಒಬ್ಬರ 20 ಲೇಖನಗಳು ತಲಾ 20 ಸಲವಾದರೂ ಉಲ್ಲೇಖವಾಗಿದ್ದರೆ ಅವರ ಎಚ್-ಇಂಡೆಕ್ಸ್ 20. ಲೆಕ್ಕ ಅಷ್ಟೇ. ಒಂದೇ ಒಂದು ಲೇಖನ ಬರೆದು ಅದು ಲೋಕವನ್ನೇ ಬದಲಿಸಿದ್ದರೂ ಅವರ ಎಚ್-ಇಂಡೆಕ್ಸ್ 1 ದಾಟುವುದಿಲ್ಲ!

ಇನ್ನು ಕಾಯಿಲೆಯ ಕಥೆಗೆ ಬರೋಣ. 1930ರ ದಶಕದಲ್ಲಿ ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್‌ನಲ್ಲಿ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ ಇದ್ದರು. ಅವರಿಗೆ ಶಸ್ತ್ರಚಿಕಿತ್ಸೆ ಕಲಿಯುವ ಆಸೆಯಿತ್ತು. ಹೆಣ್ಣು ಎಂಬ ಕಾರಣಕ್ಕೆ ಆ ತರಬೇತಿ ಸಿಗಲಿಲ್ಲ. ಹಾಗಾಗಿ ತೀರಿಹೋದ ಮಕ್ಕಳ ದೇಹ ಪರೀಕ್ಷಿಸುವ ಪೆಥಾಲಜಿ ವಿಭಾಗಕ್ಕೆ ಬಂದರು. ಬಿಡುವಿನಲ್ಲಿ ಮರಗೆಲಸ ಮಾಡುತ್ತಿದ್ದರು, ಬೆಟ್ಟ ಹತ್ತುತ್ತಿದ್ದರು. ಇದು ಹೆಂಗಸರಿಗೆ ತಕ್ಕ ಹವ್ಯಾಸವಲ್ಲ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರಂತೆ. ಈ ಮಾತು ನಮ್ಮ ತಂಡದ ಹುಡುಗಿಯರಿಗೆ ಹೊಸದೇನಲ್ಲ.

ಉಂಡದ್ದು ಮೈಗೆ ಹತ್ತದೆ ಸತ್ತ ಒಂದು ಮಗುವಿನ ಮೇದೋಜೀರಕ ಗ್ರಂಥಿಯನ್ನು ಅವರು ನೋಡಿದರು. ಕಾಗದದಲ್ಲಿ ಬರೆದಿದ್ದ ಕಾಯಿಲೆಗೂ ಅಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಹಳೆಯ ಕಡತಗಳನ್ನು ಕೆದಕಿ 49 ಮಕ್ಕಳ ವಿವರ ಕೂಡಿಸಿ 1938ರಲ್ಲಿ ಲೇಖನ ಬರೆದರು. ಇದು ಬೇರೆಯೇ ಒಂದು ಕಾಯಿಲೆ ಎಂದು ಗುರುತಿಸಿದ್ದು ಆ ಲೇಖನ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬಿಸಿಗಾಳಿ ಬಡಿದಾಗ ಈ ಕಾಯಿಲೆಯ ಮಕ್ಕಳೇ ಹೆಚ್ಚಾಗಿ ಕುಸಿದು ಬಿದ್ದು ಆಸ್ಪತ್ರೆಗೆ ಬಂದರು. ಅದೇ ಆಸ್ಪತ್ರೆಯ ಪಾಲ್ ಡಿ ಸ್ಯಾಂಟ್ ಆಗ್ನೀಸ್ ಇದರ ಬೆನ್ನು ಹತ್ತಿದರು. ಇವರ ಬೆವರಿನಲ್ಲಿ ಉಪ್ಪು ವಿಪರೀತ ಎಂದು 1953ರಲ್ಲಿ ತೋರಿಸಿದರು. ಇವತ್ತಿಗೂ ಕಾಯಿಲೆ ಪತ್ತೆ ಮಾಡುವುದು ಬೆವರಿನಿಂದಲೇ.

ಆಂಡರ್ಸನ್ ತೀರಿಕೊಂಡದ್ದು 1963ರಲ್ಲಿ, ಗಾರ್ಫೀಲ್ಡರ ಸೂಚಿ ಬರುವ ಹಿಂದಿನ ವರ್ಷ. ಈಗ ಈ ಕಾಯಿಲೆಯ ಮೇಲೆ ಬರೆಯುವ ಎಷ್ಟೋ ಜನ ಅವರ ಲೇಖನವನ್ನು ಹೆಸರಿಸುವುದೂ ಇಲ್ಲ. ಅವರು ಹೇಳಿದ್ದು ಎಲ್ಲರಿಗೂ ಗೊತ್ತಿರುವ ಮಾತಾಗಿಬಿಟ್ಟಿದೆ. ಬಾವಿ ತೋಡಿಸಿದವರ ಹೆಸರು ಹೇಳಿಕೊಂಡು ಯಾರು ನೀರು ಸೇದುತ್ತಾರೆ?

1989ರ ಸೆಪ್ಟೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಟ್ಟಿಗೆ ಮೂರು ಲೇಖನ ಬಂದವು. ಟೊರಾಂಟೊದ ಲ್ಯಾಪ್-ಚೀ ತ್ಸುಯಿ, ಜಾನ್ ರಿಯಾರ್ಡನ್, ಮಿಶಿಗನ್‌ನ ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಈ ಕಾಯಿಲೆಯ ಜೀನ್ ಹುಡುಕಿದ್ದವು. ಇವು ಸಾವಿರಾರು ಸಲ ಉಲ್ಲೇಖವಾದ ಲೇಖನಗಳು. ಆ ಜೀನ್ ಮಾಡುವ ಪ್ರೋಟೀನ್ 1480 ಮಣಿಗಳ ಸರವೆಂದುಕೊಳ್ಳಿ. ಎಷ್ಟೋ ರೋಗಿಗಳಲ್ಲಿ 508ನೇ ಮಣಿ ಒಂದೇ ಒಂದು ಇರುವುದಿಲ್ಲ. ಅಷ್ಟಕ್ಕೇ ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ ಕೂರುತ್ತದೆ.

ಅಂಕಿಗಳಲ್ಲಿ ಕಾಣದ ಒಂದು ಸಂಗತಿ ಇಲ್ಲೇ ಇದೆ. ಯುರೋಪ್ ಮೂಲದ ರೋಗಿಗಳಲ್ಲಿ ಈ 508ರ ದೋಷವೇ ಹೆಚ್ಚು. ಸಂಶೋಧನೆ ನಡೆದದ್ದೂ ಬಹುಪಾಲು ಅವರ ಮೇಲೆಯೇ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರೈಕಾಫ್ಟಾ ಎಂಬ ಔಷಧ ಮೊದಲು ಬಂದದ್ದು ಆ ದೋಷ ಇದ್ದವರಿಗೆ. ಅಲ್ಲಿ ವರ್ಷಕ್ಕೆ 3 ಲಕ್ಷ ಡಾಲರ್‌ಗೂ ಮೇಲಿನ ಬೆಲೆ ಇಟ್ಟರು. ಭಾರತದ ರೋಗಿಗಳಲ್ಲಿ 508ರ ದೋಷದ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಇದು ಬಿಳಿಯರ ಕಾಯಿಲೆ ಎಂದು ಬಹುಕಾಲ ನಂಬಿದ್ದರಿಂದ ನಮ್ಮ ಮಕ್ಕಳಿಗೆ ಟಿಬಿ, ಅಸ್ತಮಾ ಎಂದು ಚಿಕಿತ್ಸೆ ಕೊಟ್ಟದ್ದೂ ಉಂಟು. ದೆಹಲಿಯ ಏಮ್ಸ್‌ನ ಮಕ್ಕಳ ವೈದ್ಯರು ಇಲ್ಲಿನ ರೋಗಿಗಳ ಬಗ್ಗೆ ಬರೆದ ಲೇಖನಗಳಿವೆ. 1989ರ ಲೇಖನಗಳಷ್ಟು ಮುಯ್ಯಿ ಅವಕ್ಕೆ ಬಂದಿಲ್ಲ. ನಮ್ಮ ತಾಲೂಕಿನ ಡಾಕ್ಟರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇವೇ ಎಂದು ನಮಗೆ ಅನ್ನಿಸುತ್ತದೆ.

ಆ ಓದುಗರಿಗೆ ನಾವು ಹೀಗೆ ಉತ್ತರ ಬರೆದೆವು: ಆ ಅಂಕಿಗಳು ಉಳಿದ ಸಂಶೋಧಕರು ಅವರ ಬರಹವನ್ನು ಎಷ್ಟು ಬಳಸಿಕೊಂಡರು ಎಂದು ಹೇಳುತ್ತವೆ. ನಿಮ್ಮ ಮಗುವನ್ನು ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಹೇಳುವುದಿಲ್ಲ. ಡಾಕ್ಟರನ್ನು ಎರಡು ಪ್ರಶ್ನೆ ಕೇಳಿ. ಬೆವರಿನ ಪರೀಕ್ಷೆ ಎಲ್ಲಿ ಮಾಡುತ್ತಾರೆ? ಜೀನ್ ಪರೀಕ್ಷೆ ಮಾಡಿಸಿದರೆ 508 ಒಂದನ್ನೇ ನೋಡುತ್ತಾರೋ, ಬೇರೆ ದೋಷಗಳನ್ನೂ ನೋಡುತ್ತಾರೋ?

ಮುತ್ತಿಟ್ಟರೆ ಉಪ್ಪುಪ್ಪಾಗುವ ಮಗು, ಮತ್ತೆ ಮತ್ತೆ ನ್ಯುಮೋನಿಯಾ, ಎಣ್ಣೆಜಿಡ್ಡಿನ ವಾಸನೆಯ ಭೇದಿ, ಉಂಡರೂ ಏರದ ತೂಕ, ಇವು ಒಟ್ಟಿಗೆ ಇದ್ದರೆ ನೀವೂ ಡಾಕ್ಟರ ಬಳಿ ಬೆವರಿನ ಪರೀಕ್ಷೆಯ ಮಾತೆತ್ತಿ. ಅದಕ್ಕೆ ರಕ್ತ ತೆಗೆಯುವುದಿಲ್ಲ. ತೋಳಿಗೆ ಔಷಧ ಹಚ್ಚಿ, ಸಣ್ಣ ಕರೆಂಟಿನಿಂದ ಬೆವರು ಬರಿಸಿ, ಅದರಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯುತ್ತಾರೆ.