ಮುಹೂರ್ತಕ್ಕೆ ನಿಲ್ಲದ ಪ್ಲೇಯರ್

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಅಂಗಡಿಗಳಿಗೆ ಡಿ.ವಿ.ಡಿ. ಪ್ಲೇಯರ್ ಕೊಳ್ಳಲು ಬರುತ್ತಿದ್ದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಮನೆಯ ಮದುವೆಯ ಡಿಸ್ಕ್, ಇಲ್ಲವೇ ಊರ ನಾಟಕದ್ದು. ತೋರಿಸಲೆಂದು ಅಂಗಡಿಯವರು ಸಿನಿಮಾ ಹಾಡಿನ ಡಿಸ್ಕ್ ಹಾಕಿದರೆ, “ಅದು ಬೇಡ ಅಣ್ಣಾ, ಅದು ಎಲ್ಲದ್ರಲ್ಲೂ ಓಡ್ತದೆ. ನಮ್ದು ಹಾಕಿ ತೋರ್ಸು” ಎನ್ನುವರು. ಶ್ರೀನಿವಾಸಪುರದ ಕಡೆ ಮಾವಿನ ಫಸಲು ಮಾರಿದ ದುಡ್ಡು ಕೈಗೆ ಬಂದ ತಿಂಗಳುಗಳಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಕೇಳುತ್ತಿತ್ತು.

ಆ ಬೇಡಿಕೆಯಲ್ಲಿ ಪೂರಾ ತಿಳಿವಳಿಕೆಯಿತ್ತು. ಕಂಪನಿಯಿಂದ ಬರುವ ಸಿನಿಮಾ ಡಿಸ್ಕ್ ಅಚ್ಚೊತ್ತಿದ್ದು. ಅದರ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತವೆ, ಮೇಲೆ ಅಲ್ಯೂಮಿನಿಯಂ ಹೊಳಪು. ಸ್ಟುಡಿಯೊದವರು ರೈಟ್ ಮಾಡಿಕೊಡುತ್ತಿದ್ದ ಡಿಸ್ಕಿನಲ್ಲಿರುವುದು ಬಣ್ಣದ ಒಂದು ತೆಳು ಪದರ. ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಹಾಕುತ್ತದೆ. ಆ ಗುರುತನ್ನು ಓದುವುದು ಎಲ್ಲ ಲೆನ್ಸಿನ ಕೈಯಲ್ಲಾಗುವ ಕೆಲಸವಲ್ಲ. ಮತ್ತೆ ಮತ್ತೆ ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕಂತೂ ಅಚ್ಚೊತ್ತಿದ ಡಿಸ್ಕಿನ ಅರ್ಧದಷ್ಟು ಬೆಳಕನ್ನೂ ಹಿಂತಿರುಗಿಸದು. ಎಷ್ಟೋ ಪ್ಲೇಯರುಗಳು ಅದನ್ನು ಕಂಡೊಡನೆ ‘ನೋ ಡಿಸ್ಕ್’ ಎಂದು ಬರೆದು ಸುಮ್ಮನಾಗುತ್ತಿದ್ದವು. ಅದಕ್ಕೂ ಮೊದಲಿನ ವಿ.ಸಿ.ಡಿ. ಕಾಲದಲ್ಲಿ ಸಿ.ಡಿ.ಯಲ್ಲಿ ರೈಟ್ ಮಾಡಿಸಿದ್ದ ಮದುವೆಗಳಿಗೆ ಬೇರೆಯೇ ಕಷ್ಟ. ಆ ಸಿ.ಡಿ.ಯ ಬಣ್ಣ 780 ನ್ಯಾನೋಮೀಟರಿನ ಲೇಸರಿಗೆಂದೇ ಮಾಡಿದ್ದು. ಡಿ.ವಿ.ಡಿ. ಓದುವ 650ರ ಕೆಂಪು ಲೇಸರ್ ಒಂದೇ ಇದ್ದ ಮೊದಮೊದಲ ಪ್ಲೇಯರುಗಳಿಗೆ ಅದು ಕಾಣುತ್ತಲೇ ಇರಲಿಲ್ಲ.

ಇನ್ನೊಂದು ಸಂಗತಿ. ಡಿಸ್ಕ್ ಬರೆಯುವುದು ಒಳಗಿನ ಸುತ್ತಿನಿಂದ ಹೊರಕ್ಕೆ, ಓದುವುದೂ ಹಾಗೆಯೇ. ಅಂಚಿಗೆ ಹೋದಷ್ಟೂ ಡಿಸ್ಕಿನ ಅಲುಗಾಟ ಹೆಚ್ಚು, ತಪ್ಪು ಹೆಚ್ಚು. ನಮ್ಮ ಕಡೆಯ ಮದುವೆಯಲ್ಲಿ ಹಿಂದಿನ ರಾತ್ರಿ ಆರತಕ್ಷತೆ, ಮಾರನೆಯ ಬೆಳಿಗ್ಗೆ ಮುಹೂರ್ತ. ವಿಡಿಯೊದವರು ಮಿಕ್ಸಿಂಗ್ ಮಾಡಿ, ನಡುನಡುವೆ ಹಾಡು ಸೇರಿಸಿ ಅದೇ ಸಾಲಿನಲ್ಲಿ ಡಿಸ್ಕಿಗೆ ಹಾಕುತ್ತಿದ್ದರು. ಹೀಗಾಗಿ ಸ್ಟೇಜಿನ ಮೇಲೆ ಸಾಲುಗಟ್ಟಿ ಉಡುಗೊರೆ ಕೊಟ್ಟವರೆಲ್ಲ ನೆಟ್ಟಗೆ ಬರುವರು. ಧಾರೆ ಎರೆದು ತಾಳಿ ಕಟ್ಟುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು, ವಾಲಗ ಗಂಟಲಲ್ಲಿ ಸಿಕ್ಕಿ, ಒಳಗಿನಿಂದ ಟಕ್ ಟಕ್ ಸದ್ದು ಕೇಳುವುದು. ಆದ್ದರಿಂದ ಬಲ್ಲವರು ಅಂಗಡಿಯಲ್ಲಿ ಡಿಸ್ಕಿನ ಮೊದಲ ಐದು ನಿಮಿಷ ನೋಡಿ ಒಪ್ಪುತ್ತಿರಲಿಲ್ಲ. ರಿಮೋಟ್ ಇಸಿದುಕೊಂಡು ನೇರ ಕೊನೆಗೇ ಓಡಿಸಿ, ಮುಹೂರ್ತ ಸರಾಗವಾಗಿ ಬಂದರೆ ಮಾತ್ರ ಪ್ಯಾಕ್ ಮಾಡಿ ಎನ್ನುವರು. ಪ್ಲೇಯರ್ ಆರಿಸಲು ಇದಕ್ಕಿಂತ ಸರಿಯಾದ ದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದೊಡ್ಡ ಹೆಸರಿನ ಪೆಟ್ಟಿಗೆ ಸೋತ ಕಡೆ ಹೆಸರಿಲ್ಲದ ಅಗ್ಗದ ಪೆಟ್ಟಿಗೆ ಗೆದ್ದದ್ದನ್ನು ಆ ಕೌಂಟರುಗಳ ಮುಂದೆಯೇ ನೋಡಿದ್ದೇನೆ.

ಮದುವೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ನಾಟಕದ ಡಿಸ್ಕುಗಳು. ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ರಾತ್ರಿ ಊಟವಾದ ಮೇಲೆ ಶುರುವಾದರೆ ಮುಗಿಯುವುದು ಬೆಳಕು ಹರಿದಾಗ. ಪಾರ್ಟು ಮಾಡುವವರು ರೈತರು, ಹಾಲಿನ ಡೇರಿಯವರು, ಬಸ್ ಕಂಡಕ್ಟರು, ಸ್ಕೂಲಿನ ಮೇಷ್ಟ್ರು. ಕೈಯಿಂದ ದುಡ್ಡು ಹಾಕಿ ಪಾರ್ಟು ತೆಗೆದುಕೊಂಡು, ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕುಳಿತು ಕಂದ, ಸೀಸ, ವೃತ್ತಗಳನ್ನು ಬಾಯಿಪಾಠ ಮಾಡಿದವರು. ಗಡಿಯ ಹಳ್ಳಿಗಳಲ್ಲಿ ಕನ್ನಡದ ಜೊತೆಗೇ ತೆಲುಗು ಪದ್ಯಗಳೂ ನಡೆಯುವವು. ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ಗಂಟಲು ಮಾತ್ರ ಅವರದೇ. ಪದ್ಯ ಚೆನ್ನಾಗಿ ಬಂದರೆ ಜನ ‘ಒನ್ಸ್ ಮೋರ್’ ಎನ್ನುವರು, ನೆಂಟರು ಸ್ಟೇಜ್ ಹತ್ತಿ ನೋಟಿನ ಹಾರ ಹಾಕುವರು, ಕೃಷ್ಣನೂ ದುರ್ಯೋಧನನೂ ಕೈ ಮುಗಿದು ನಿಂತು ಮತ್ತೆ ಅದೇ ಪದ್ಯ ಎತ್ತುವರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಇದೆಲ್ಲ ಡಿಸ್ಕಿಗೆ ಬಂತು. ಒಂದು ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಜಾಗ, ಒಳ್ಳೆಯ ಚಿತ್ರ ಬೇಕೆಂದರೆ ಎರಡು ಗಂಟೆ. ರಾತ್ರಿಯಿಡೀ ನಡೆದ ನಾಟಕಕ್ಕೆ ನಾಲ್ಕೈದು ಡಿಸ್ಕ್. ಪಾರ್ಟುದಾರರೆಲ್ಲ ಒಂದೊಂದು ಸೆಟ್ ಕಾಪಿ ಹಾಕಿಸಿಕೊಂಡರು. ಮಳೆಗಾಲದ ಸಂಜೆ ಕರೆಂಟ್ ಇದ್ದರೆ ಜಗುಲಿಗೆ ಟಿ.ವಿ. ತಂದಿಟ್ಟು, ಬೀದಿಯವರೆಲ್ಲ ಸೇರಿ ತಮ್ಮ ಭೀಮನನ್ನು, ತಮ್ಮ ಶಕುನಿಯನ್ನು ಮತ್ತೆ ನೋಡುವರು. ಯಾರು ಯಾವ ಪದ್ಯದಲ್ಲಿ ಶ್ರುತಿ ಬಿಟ್ಟರೆಂಬ ವಾದ ವರ್ಷ ಕಳೆದರೂ ಮುಗಿಯುತ್ತಿರಲಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಧೂಳಿಗೆ ಲೆನ್ಸ್ ಮಸುಕಾದರೆ ರಿಪೇರಿಯವರು ಸ್ಪಿರಿಟ್ ಸವರಿಕೊಡುವರು. ಅದಕ್ಕೂ ಬಗ್ಗದಿದ್ದರೆ ಹೊಸ ಲೆನ್ಸ್.

ಆ ಖಾಲಿ ಡಿಸ್ಕುಗಳಲ್ಲಿ ಬಹಳಷ್ಟು ಮೋಸರ್ ಬೇರ್ ಕಂಪನಿಯವು. ಅದೇ ಕಂಪನಿ 2007ರ ಆಸುಪಾಸಿನಲ್ಲಿ ಸಿನಿಮಾ ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿ ಮನೆಮನೆಗೂ ಪ್ಲೇಯರ್ ಬೇಕೆನಿಸುವಂತೆ ಮಾಡಿತು. 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ಮಾರಲು ಕಂಪನಿ ನ್ಯಾಯಮಂಡಳಿಯ ಆದೇಶವಾಯಿತು. ಮೊಬೈಲ್ ಬಂತು, ಪೆನ್‌ಡ್ರೈವ್ ಬಂತು. ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕಲು ಬಾಯಿಯೇ ಇಲ್ಲ, ಹೊಸ ಟಿ.ವಿ.ಗಳಲ್ಲಿ ಹಳದಿ-ಕೆಂಪು-ಬಿಳಿ ವೈರಿನ ತೂತು ಹುಡುಕಬೇಕು. ಜಪಾನಿನ ಸೋನಿ ಕೂಡ 2025ರ ಫೆಬ್ರುವರಿಯಲ್ಲಿ ಬರೆಯುವ ಬ್ಲೂ-ರೇ ಡಿಸ್ಕಿನ ತಯಾರಿಕೆ ನಿಲ್ಲಿಸಿತು. ಸಿನಿಮಾ ಡಿಸ್ಕ್ ಹೋದರೆ ನನಗೆ ದುಃಖವಿಲ್ಲ, ಅದೇ ಸಿನಿಮಾ ಇನ್ನೊಂದೆಡೆ ಸಿಗುತ್ತದೆ. ಆದರೆ ಆವನಿ ಬೆಟ್ಟದ ಬುಡದಲ್ಲೋ ಕುರುಡುಮಲೆಯ ದಾರಿಯಲ್ಲೋ ಇರುವ ಒಂದು ಹಳ್ಳಿಯಲ್ಲಿ ಹದಿನೈದು ವರ್ಷದ ಹಿಂದೆ ಯಾರೋ ಹಾಡಿದ ದುರ್ಯೋಧನನ ಪದ್ಯ ಆ ಡಿಸ್ಕ್ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಪದ್ಯ ಕಲಿಸಿದ ಮೇಷ್ಟ್ರ ಬೆರಳು ಹಾರ್ಮೋನಿಯಂ ಮೇಲೆ ಓಡಿದ್ದೂ ಅದರಲ್ಲೇ ಉಳಿದಿರುವುದು.

ಆ ಬಣ್ಣದ ಪದರ ಕಾಯುತ್ತಾ ಕೂರುವುದಿಲ್ಲ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ವೈರಿ. ಮೇಲೆ ಅಂಟಿಸಿದ ಕಾಗದದ ಲೇಬಲ್ ಡಿಸ್ಕನ್ನು ಸೊಟ್ಟಗಾಗಿಸುತ್ತದೆ. ಮದುವೆಯ ಸೀಸನ್ನಿನಲ್ಲಿ ಅವಸರಕ್ಕೆ ಬಿದ್ದು ಅತಿ ವೇಗದಲ್ಲಿ ರೈಟ್ ಮಾಡಿದ ಡಿಸ್ಕುಗಳು ಮೊದಲೇ ಬಲಹೀನ. ಕೆಡುವುದೂ ಸಾಮಾನ್ಯವಾಗಿ ಅಂಚಿನಿಂದಲೇ. ಅಂದರೆ ಮೊದಲು ಹೋಗುವುದು ಮುಹೂರ್ತ, ಮೊದಲು ಹೋಗುವುದು ನಾಟಕದ ಬೆಳಗಿನ ಜಾವದ ಗದಾಯುದ್ಧ.

ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಬೀರುವಿನಲ್ಲಿರುವ ಡಿಸ್ಕುಗಳನ್ನು ಈ ವಾರವೇ ತೆಗೆಯಿರಿ. ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತು ತಿರುಗಿಸಿ ಒರೆಸಬೇಡಿ. ಯು.ಎಸ್.ಬಿ.ಗೆ ಸಿಕ್ಕಿಸುವ ಡಿ.ವಿ.ಡಿ. ಡ್ರೈವ್ ಈಗಲೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. ಡಿಸ್ಕಿನೊಳಗಿನ ವಿಡಿಯೊ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ ಎರಡು ಕಡೆ ಇಡಿ. ಒಂದು ಡ್ರೈವ್ ಓದದಿದ್ದರೆ ಡಿಸ್ಕ್ ಎಸೆಯಬೇಡಿ. ಒಂದು ಕೈಬಿಟ್ಟದ್ದನ್ನು ಇನ್ನೊಂದು ಓದಿಬಿಡುವುದುಂಟು. ನಾಲ್ಕೂ ತಾಲ್ಲೂಕಿನ ಸ್ಟುಡಿಯೊದವರೇ, ನಿಮ್ಮಲ್ಲಿ ಓಡುವ ಡ್ರೈವ್ ಇದ್ದರೆ ಬಾಗಿಲಿಗೆ ಒಂದು ಬೋರ್ಡ್ ಹಾಕಿ. ಮುಹೂರ್ತಕ್ಕೆ ನಿಲ್ಲದ ಹಳೆಯ ಪ್ಲೇಯರ್ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ. ಊರಿನವರಿಗೆ ಹೇಳಿ, ಅವರವರ ಡಿಸ್ಕ್ ತರಲಿ.