ಗುಳಿಗೆಯ ಲೆಕ್ಕ

ಅರ್ಬುದ ರೋಗಕ್ಕೆ ಚಿಕಿತ್ಸೆ ಪಡೆಯುವವರೆಲ್ಲರೂ ಆಸ್ಪತ್ರೆಯ ಮಂಚದ ಮೇಲೆ ಮಲಗಿರುತ್ತಾರೆಂದು ಭಾವಿಸುವುದು ಲೋಕರೂಢಿ. ವಸ್ತುಸ್ಥಿತಿ ಹಾಗಿಲ್ಲ. ಅನೇಕರು ಬೆಳಿಗ್ಗೆ ಬಂದು, ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕಂಡು, ಸಂಜೆಯ ಬಸ್ಸಿಗೆ ಊರಿಗೆ ಮರಳತಕ್ಕವರು. ಹಿಂದೆ ದಾದಿಯ ಕಣ್ಣೆದುರಿನಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುತ್ತಿದ್ದ ಔಷಧದ ಕೆಲಸವನ್ನು ಈಗ ಎಷ್ಟೋ ಕಡೆ ಅಡಿಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿರುವ ಗುಳಿಗೆಯೇ ಮಾಡುತ್ತದೆ. ಆಸ್ಪತ್ರೆಯ ಅರ್ಧ ಭಾಗ ರೋಗಿಯ ಮನೆಗೆ ಹೋಯಿತು; ಆಸ್ಪತ್ರೆಯ ಎಚ್ಚರಿಕೆಯೂ ಅದರೊಡನೆ ಹೋಯಿತೆ?

ವಾಚಕರು ಕೊಪ್ಪಳದ ಕಡೆಯ ಒಬ್ಬ ಮುದುಕಿಯನ್ನು ಊಹಿಸಿಕೊಳ್ಳಬಹುದು. ದೊಡ್ಡ ಕರುಳಿನ ಅರ್ಬುದಕ್ಕೆ ಶಸ್ತ್ರಕ್ರಿಯೆಯಾಗಿ, ಕೆಪೆಸಿಟಬಿನ್ ಎಂಬ ಗುಳಿಗೆಯನ್ನು ನುಂಗುತ್ತ, ಮೂರು ವಾರಕ್ಕೊಮ್ಮೆ ಮಗನೊಡನೆ ಹುಬ್ಬಳ್ಳಿಗೆ ಬರತಕ್ಕವಳು. ಹದಿನಾಲ್ಕು ದಿನ ಬೆಳಿಗ್ಗೆ ಮೂರು, ಸಂಜೆ ಮೂರು. ಅನಂತರ ಏಳು ದಿನ ಬಿಡುವು. ವೈದ್ಯರ ಮುಂದೆ ಮಗನೇ ಮಾತಾಡಿದ್ದಾನೆ: "ಎಲ್ಲಾ ಸರಿ ನುಂಗ್ಯಾಳ್ರಿ." ವೈದ್ಯರು ಹಿಂದಿನ ಪ್ರಮಾಣವನ್ನೇ ಬರೆದುಕೊಟ್ಟಿದ್ದಾರೆ. ಹೊರಗೆ ನೂರು ಜನ ಕಾದಿರುವಾಗ ಅವರಾದರೂ ಇನ್ನೇನು ಮಾಡಿಯಾರು?

ಕ್ಲಿನಿಕಲ್ ಫಾರ್ಮಸಿಸ್ಟ್ ಎಂದು ಕರೆಯಲ್ಪಡುವ ತರುಣ ಔಷಧಜ್ಞನು ಮಾತ್ರ ಹಳೆಯ ಚೀಲವನ್ನು ಬಿಚ್ಚಿಸಿ ಎಣಿಸುತ್ತಾನೆ. ಹನ್ನೆರಡು ಗುಳಿಗೆ ಉಳಿದಿವೆ. ಎಂದರೆ ಎರಡು ದಿನದ ಲೆಕ್ಕ ತಪ್ಪಿದೆ.

"ಕೈ ತೋರಸ್ರಿ ಯವ್ವಾ."

ಅಂಗೈ ಕೆಂಪಾಗಿ ಸುಲಿದಿದೆ. ಮುದುಕಿ ಮಗನ ಮುಖವನ್ನು ನೋಡಿ, ಆಮೇಲೆ ನಿಧಾನವಾಗಿ ಹೇಳುತ್ತಾಳೆ: "ಸುಳ್ಳ್ಯಾಕ ಹೇಳ್ಲಿ ತಮ್ಮಾ, ಅಂಗೈ ಅಂಗಾಲು ಬೆಂಕ್ಯಾಗ ಇಟ್ಟಾಂಗ ಉರದ್ವು. ಎರಡು ದಿನಾ ಬಿಟ್ಟೆ. ಡಾಕ್ಟರು ಬೈತಾರಂತ ಹೇಳ್ಲಿಲ್ಲ."

ಚೀಲದ ತಳದಲ್ಲಿ ಮತ್ತೊಂದು ಪೊಟ್ಟಣ ಸಿಕ್ಕುತ್ತದೆ. ಸೊಸೆ ಊರಿನ ಅಂಗಡಿಯಿಂದ ತಂದ 'ಶಕ್ತಿ ಗುಳಿಗಿ'. ಅದರಲ್ಲಿ ಫೋಲಿಕ್ ಆಮ್ಲವಿದೆ. ಅದು ಕೆಪೆಸಿಟಬಿನ್ನಿನ ವಿಷಗುಣವನ್ನು ಹೆಚ್ಚಿಸಬಲ್ಲದು. ಪ್ರೀತಿಯಿಂದ ತಂದದ್ದು ಉರಿಗೆ ತುಪ್ಪ ಹೊಯ್ದಂತಾಗಿರಬಹುದು. ಔಷಧಜ್ಞನು ಚೀಟಿಯನ್ನು ಹಿಡಿದುಕೊಂಡು ವೈದ್ಯರ ಕೋಣೆಗೆ ಹಿಂದಿರುಗುತ್ತಾನೆ.

ನಮ್ಮ ಹಿಂದಿನ ವೈದ್ಯರು ಔಷಧದಷ್ಟೇ ಅನುಪಾನಕ್ಕೂ ಬೆಲೆ ಕೊಡುತ್ತಿದ್ದರು: ಜೇನಿನೊಡನೆಯೋ, ಹಾಲಿನೊಡನೆಯೋ, ಬರಿಹೊಟ್ಟೆಗೋ ಎಂದು ಕೇಳದೆ ಯಾರೂ ಪುಡಿಯನ್ನು ಕಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಗುಳಿಗೆ ಯಂತ್ರದಲ್ಲಿ ತಯಾರಾಗತೊಡಗಿದ ಮೇಲೆ ಆ ಪ್ರಶ್ನೆ ಮರೆತುಹೋಯಿತು. ಅದರ ಅಗತ್ಯ ಮಾತ್ರ ಮಾಯವಾಗಲಿಲ್ಲ. ಕೆಪೆಸಿಟಬಿನ್ ಊಟವಾದ ಅರ್ಧ ಗಂಟೆಯೊಳಗೆ; ಇಮ್ಯಾಟಿನಿಬ್ ಊಟದೊಡನೆ, ದೊಡ್ಡ ಲೋಟದ ತುಂಬ ನೀರಿನಲ್ಲಿ; ಅಬಿರಟೆರೋನ್ ಬರಿಹೊಟ್ಟೆಯಲ್ಲಿಯೇ. ಈ ಕೊನೆಯದನ್ನು ಅನ್ನದೊಡನೆ ನುಂಗಿದರೆ ರಕ್ತಕ್ಕೆ ಸೇರುವ ಔಷಧ ಹಲವು ಪಟ್ಟು ಹೆಚ್ಚುತ್ತದೆ. ಏಕಾದಶಿಯ ಉಪವಾಸದವರಿಗೆ ಕೆಪೆಸಿಟಬಿನ್ ಕೊಡುವಾಗ ಆ ದಿನದ ಮಾತನ್ನು ಮೊದಲೇ ಆಡಬೇಕಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಮತ್ತೊಂದುಂಟು. ಅಮೆರಿಕದ ಗರ್ಟ್ರೂಡ್ ಎಲಿಯನ್ ಎಂಬ ವಿದುಷಿಯೂ ಜಾರ್ಜ್ ಹಿಚಿಂಗ್ಸರೂ ರಕ್ತದ ಅರ್ಬುದಕ್ಕೆ ಮರ್ಕ್ಯಾಪ್ಟೊಪ್ಯೂರಿನ್ ಎಂಬ ಔಷಧವನ್ನು ಕಂಡುಹಿಡಿದರು. ಅದು 1953ರಲ್ಲಿ ಬಳಕೆಗೆ ಬಂದಿತು. ಶರೀರದೊಳಗಿನ ಒಂದು ಕಿಣ್ವ ಆ ಔಷಧವನ್ನು ಬೇಗ ಒಡೆದುಹಾಕುತ್ತಿತ್ತು. ಆ ಕಿಣ್ವವನ್ನು ತಡೆಯಲು ಅದೇ ಪ್ರಯೋಗಶಾಲೆಯಲ್ಲಿ ಪರೀಕ್ಷೆಗೆ ಬಂದದ್ದು ಅಲೋಪ್ಯೂರಿನಾಲ್. ಅದು 1966ರಲ್ಲಿ ಬೇರೊಂದು ಕಾರ್ಯಕ್ಕೆ, ಗೌಟ್ ರೋಗಕ್ಕೆ, ಮದ್ದಾಯಿತು. 1988ರಲ್ಲಿ ಈ ಇಬ್ಬರೂ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಒಂದೇ ಮನೆಯಲ್ಲಿ ಬೆಳೆದ ಈ ಎರಡು ಔಷಧಗಳು ಒಬ್ಬ ರೋಗಿಯ ಹೊಟ್ಟೆಯಲ್ಲಿ ಸೇರಿದರೆ ಮೊದಲನೆಯದನ್ನು ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿಗೆ ಇಳಿಸಬೇಕು. ಇಳಿಸದಿದ್ದರೆ ಮೂಳೆಯ ಮಜ್ಜೆ ರಕ್ತಕಣಗಳನ್ನು ಹುಟ್ಟಿಸುವುದನ್ನೇ ನಿಲ್ಲಿಸೀತು. ಆದರೆ ಒಂದನ್ನು ನಗರದ ತಜ್ಞರು ಬರೆದಿರುತ್ತಾರೆ, ಮತ್ತೊಂದನ್ನು ತಾಲ್ಲೂಕಿನ ವೈದ್ಯರು ಕಾಲುನೋವಿಗೆ ಕೊಟ್ಟಿರುತ್ತಾರೆ. ಇಬ್ಬರೂ ತಪ್ಪು ಮಾಡಿದವರಲ್ಲ. ಎರಡು ಚೀಟಿಗಳನ್ನೂ ಒಟ್ಟಿಗಿಟ್ಟು ಓದುವ ಮೂರನೆಯವನೊಬ್ಬನು ಬೇಕು.

ಅಂಥವನನ್ನು ಜನ ಇಂದಿಗೂ ಕಂಪೌಂಡರ್ ಎಂದೇ ಕರೆಯುತ್ತಾರೆ. ಭಾರತದಲ್ಲಿ 2008ರಿಂದ ಫಾರ್ಮ್ ಡಿ ಎಂಬ ಆರು ವರ್ಷದ ವ್ಯಾಸಂಗವಿದೆ. 2015ರ ನಿಯಮಾವಳಿ ರೋಗಿಗೆ ಔಷಧದ ವಿಷಯವನ್ನು ತಿಳಿಸಿಹೇಳುವುದನ್ನು ಫಾರ್ಮಸಿಸ್ಟನ ಕರ್ತವ್ಯವೆಂದು ಎಣಿಸಿದೆ. ಇಷ್ಟಾದರೂ ಬಹಳ ಕಡೆ ಆತನಿಗೂ ರೋಗಿಗೂ ನಡುವೆ ಇರುವುದು ಅಂಗೈ ಅಗಲದ ಒಂದು ಕಿಟಕಿ. ಹಣ ಒಳಕ್ಕೆ, ಪೊಟ್ಟಣ ಹೊರಕ್ಕೆ. ಸುಲಿದ ಅಂಗೈಯನ್ನು ಆ ಕಿಟಕಿಯಲ್ಲಿ ಯಾರು ತೋರಿಸಿಯಾರು? ಒಂದು ಮೇಜು, ಎರಡು ಕುರ್ಚಿ, ಹತ್ತು ನಿಮಿಷ: ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ತರಿಸುವವರಿಗೆ ಇದು ಭಾರವಾದ ವೆಚ್ಚವಲ್ಲ.

ವೈದ್ಯರು ಕೊಪ್ಪಳದ ಮುದುಕಿಯ ಚಿಕಿತ್ಸೆಯನ್ನು ಒಂದು ವಾರ ಮುಂದಕ್ಕೆ ಹಾಕಿ, ಪ್ರಮಾಣವನ್ನು ಇಳಿಸಿದರು. ಆಕೆಗೆ ಓದು ಬಾರದು. ಔಷಧಜ್ಞನು ಒಂದು ಹಾಳೆಯಲ್ಲಿ ಇಪ್ಪತ್ತೊಂದು ಮನೆಗಳನ್ನು ಗೀಚಿ, ಹದಿನಾಲ್ಕರಲ್ಲಿ ಸೂರ್ಯನನ್ನೂ ಚಂದ್ರನನ್ನೂ ಬರೆದು, ಏಳನ್ನು ಖಾಲಿ ಬಿಟ್ಟನು. ಮತ್ತೆ ಉರಿಯೆದ್ದರೆ ಅಥವಾ ಭೇದಿಯಾದರೆ ಅಂದೇ ತಿಳಿಸಬೇಕೆಂದು ಕೆಳಗೆ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಮಗನಿಗಾಗಿ ಬರೆದನು. ಮುದುಕಿ ಖಾಲಿ ಮನೆಗಳನ್ನು ಬೆರಳಿಟ್ಟು ಎಣಿಸಿ, "ಈ ಏಳು ದಿನ ಗುಳಿಗಿ ಉಪಾಸ ಅನ್ನು," ಎಂದು ಹಾಳೆಯನ್ನು ಮಡಿಸಿ ಸೊಂಟದ ಚೀಲದೊಳಗೆ ಇಟ್ಟುಕೊಂಡಳು.